ಗೋಡೆಯ ನಡುವಣ ಬಯಲು

(ಡೊಂಬಿವಲಿ ಎಂಐಡಿಸಿ ನಿವಾಸಿ ವಿಭಾಗದಲ್ಲಿ ಜರುಗಿದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮನೆಯ ವಿಚಾರವಾಗಿ ನಾಲ್ಕು ಮಾತಾಡೆಂದು ಅಪ್ಪಣೆಯಾಗಿದೆ. ನಾನು ಇಂಜಿನಿಯರನಲ್ಲ, ಕಪ್ಪುಬಸಿ ತೊಳೆದು ಮುಂಬಯಿಯ ಬಾಳನ್ನು ಆರಂಭಿಸಿದವನು. ಆದರೆ ಮನೆಯ ಬೆಲೆಯನ್ನು ಮನೆಯಿಲ್ಲದೆ ಬಾಳಿದವನಷ್ಟು ಬಲ್ಲವರು ಯಾರು?

ಇಡ್ಲಿ ತಟ್ಟೆಯನ್ನೇ ನೋಡಿ. ಹಣ ಕೊಡುವುದು ಲೋಹಕ್ಕೆ, ಉಪಯೋಗವಿರುವುದು ಕುಳಿಯಲ್ಲಿ. ಮನೆಯೂ ಹಾಗೆಯೇ. ಇಟ್ಟಿಗೆ, ಸಿಮೆಂಟು, ಕಬ್ಬಿಣಗಳಿಗೆ ಹಣ ಸುರಿಯುತ್ತೇವೆ. ಬಾಳುವುದು ಮಾತ್ರ ಅವುಗಳ ನಡುವಣ ಬಯಲಿನಲ್ಲಿ. ಚೀನಾದ ಪುರಾತನ ಜ್ಞಾನಿ ಲಾವೋತ್ಸೆಯ ಹೆಸರಿನ ಗ್ರಂಥದಲ್ಲಿ ಈ ವಿಚಾರ ಗಡಿಗೆ, ಕೋಣೆಗಳ ದೃಷ್ಟಾಂತದೊಡನೆ ಬಂದಿದೆ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅದನ್ನೇ ತಮ್ಮ ಕೆಲಸದ ತಿರುಳೆಂದು ಎತ್ತಿ ಹಿಡಿದರು.

ಹೋಟೆಲಿನಲ್ಲಿದ್ದಾಗ, ಗಿರಾಕಿಗಳು ಹೋದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದೆವು. ಮಾಡು ಇತ್ತು, ಮಳೆ ತಾಗುತ್ತಿರಲಿಲ್ಲ. ಆದರೆ ಊರಿನಿಂದ ಬಂದ ಕಾಗದವನ್ನು ಒಬ್ಬನೇ ಕೂತು ಓದಿ ಕಣ್ಣೊರೆಸಿಕೊಳ್ಳಲು ಒಂದು ಮೂಲೆ ಇರಲಿಲ್ಲ. ನಸುಕಿಗೆ ನಮ್ಮ ಹಾಸಿಗೆಯೇ ಗಿರಾಕಿಯ ಮೇಜು. ಮಾಡು ಬೇರೆ, ಆಸರೆ ಬೇರೆ ಎಂಬುದು ಆಗಲೇ ತಿಳಿಯಿತು.

ಗಿರಣಿಯ ಬಂಧುಗಳಿಗೂ ಇದು ಗೊತ್ತು. ವರಳಿ, ನಾಯಗಾಂವ್, ಡಿಲೈಲ್ ರೋಡು, ಶಿವಡಿಗಳಲ್ಲಿ 1920ರ ದಶಕದಲ್ಲಿ ಎದ್ದ 207 ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಕೋಣೆಗೆ 160 ಚದರ ಅಡಿ. ಪಾಯಿಖಾನೆ ಎಲ್ಲರಿಗೂ ಸೇರಿ. ಬಾಗಿಲ ಹೊರಗಿನ ಓಣಿಯೇ ಪಡಸಾಲೆ, ಅದೇ ಮಕ್ಕಳ ಓದುವ ಮನೆ. ಆ ಇಕ್ಕಟ್ಟನ್ನು ಹೊಗಳಬೇಡಿ. ಆದರೆ ನೆರೆಯವರ ಜೊತೆ ಬಾಳಲು ಬಾಗಿಲಾಚೆಗೂ ಅಷ್ಟು ಜಾಗ ಬೇಕು ಎಂಬ ಪಾಠವನ್ನು ಮರೆಯಬೇಡಿ.

ಈಗ ಬಂಧುಗಳು ಕೂಡಿಟ್ಟ ಹಣದಲ್ಲಿ, ಸಾಲದಲ್ಲಿ, ಇಲ್ಲಿ ಮನೆ ಕೊಳ್ಳುತ್ತಿದ್ದಾರೆ. ಒಂದು ಮಾತು ನೆನಪಿಡಿ. 2016ರ ರೇರಾ ಕಾನೂನು ಹೊಸ ಕಟ್ಟಡದ ಬಿಲ್ಡರನಿಂದ ಕಾರ್ಪೆಟ್ ಏರಿಯಾದ ಲೆಕ್ಕ ಕೇಳುತ್ತದೆ. ಹೊರಗೋಡೆಯ ದಪ್ಪ, ಬಾಲ್ಕನಿ ಆ ಲೆಕ್ಕಕ್ಕಿಲ್ಲ. ಒಳಗಿನ ಅಡ್ಡಗೋಡೆಗಳು ಮಾತ್ರ ಸೇರುತ್ತವೆ. ಅಂದರೆ ಇಡ್ಲಿ ತಟ್ಟೆಯ ಕುಳಿಯನ್ನು ಅಳೆಯುವ ಹಕ್ಕು ಈಗ ನಿಮ್ಮದು. ದೊಡ್ಡ ಅಂಕೆ ಹೇಳಿದರೆ ಮರುಳಾಗದೆ, ಕಾಗದದಲ್ಲಿ ಕಾರ್ಪೆಟ್ ಎಷ್ಟೆಂದು ಓದಿಸಿ ಕೇಳಿ.

ಆದರೆ ಚದರ ಅಡಿ ಗಾಳಿಯನ್ನು ಅಳೆಯದು. ನಡುಹಗಲಿನಲ್ಲಿ ದೀಪ ಆರಿಸಿ ಒಳಗೆ ನಿಂತು ನೋಡಿ. ಎದುರುಬದುರು ಕಿಟಕಿಯಿದ್ದರೆ ಗಾಳಿ ಹಾಯುತ್ತದೆ. ಒಂದೇ ಕಡೆ ಇದ್ದರೆ ಒಲೆಯ ಬಿಸಿ ಮನೆಯಲ್ಲೇ ಉಳಿಯುತ್ತದೆ.

ಕೊನೆಯದಾಗಿ, ಕಿಟಕಿಯಾಚೆ ಏನಿದೆ ಎಂಬುದನ್ನೂ ನೋಡಿ. ಇದೇ ಎಂಐಡಿಸಿಯಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ರಾಸಾಯನಿಕ ಕಾರಖಾನೆಗಳಲ್ಲಿ ಸ್ಫೋಟಗಳಾದವು. ದುಡಿಯುವವರು ಸತ್ತರು, ಸುತ್ತಲಿನ ಮನೆಗಳ ಕಿಟಕಿ ಗಾಜುಗಳು ಪುಡಿಯಾದವು. ಬೀಗ ಹಾಕಿದ ಮನೆಯೊಳಕ್ಕೂ ಕಾರಖಾನೆ ನುಗ್ಗಿ ಬಂತು. ಆದ್ದರಿಂದ ಪಕ್ಕದ ಕಾರಖಾನೆಯಲ್ಲಿ ಏನು ಬೇಯುತ್ತಿದೆ, ಅಪಾಯವಾದರೆ ಯಾವ ದಾರಿಯಲ್ಲಿ ಓಡಬೇಕು ಎಂದು ಕೇಳುವುದೂ ಮನೆ ಕಟ್ಟುವ ಕೆಲಸವೇ. ಒಬ್ಬೊಬ್ಬರೇ ಕೇಳಿದರೆ ಉತ್ತರ ಬಾರದು, ಸಂಘವಾಗಿ ಕೇಳೋಣ.

ಮಗುವನ್ನು ಕಿಟಕಿಯ ಬಳಿ ಅಂಜಿಕೆಯಿಲ್ಲದೆ ಮಲಗಿಸುವಂತಿದ್ದರೆ ಅದು ಮನೆ. ಅಲ್ಲಿಯ ತನಕ ಅದು ಬರೇ ಮಾಡು.