ಎಣ್ಣೆಯ ಲೀಟರು, ವಿದ್ಯುತ್ತಿನ ಯೂನಿಟ್ಟು



ಒಂದು ಲೀಟರು ಡೀಸೆಲ್ ಎಣ್ಣೆಯಿಂದ ಎಷ್ಟು ಯೂನಿಟ್ಟು ವಿದ್ಯುಚ್ಛಕ್ತಿ ದೊರೆಯುವುದು? ಪ್ರಶ್ನೆ ಸಣ್ಣದು, ಆದರೆ ಇದಕ್ಕೆ ಕೇಳಿಬರುವ ಉತ್ತರಗಳು ಎರಡುಂಟು. ಒಂದನ್ನು ಹಿಡಿಯಬೇಕಾದೆಡೆಯಲ್ಲಿ ಮತ್ತೊಂದನ್ನು ಹಿಡಿದವನು ಕತ್ತಲೆಯಲ್ಲಿ ಕುಳಿತುಕೊಳ್ಳಬೇಕಾದೀತು. ಇದು ಅಲಂಕಾರದ ಮಾತಲ್ಲ. ಹಾಗೆ ಕುಳಿತವನು ನಾನೇ.

ಕೆಲವು ವರ್ಷಗಳ ಹಿಂದೆ ಒಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಪರೀಕ್ಷೆಯ ಹಿಂದಿನ ದಿನ, ಸಂಜೆ ಆರರಿಂದ ನಡುರಾತ್ರಿಯವರೆಗೆ ವಿದ್ಯುತ್ತು ಇರುವುದಿಲ್ಲವೆಂದು ತಿಳಿಯಿತು. ನಮ್ಮಲ್ಲಿ ಸಣ್ಣದೊಂದು ಡೀಸೆಲ್ ಎಂಜಿನು ಇತ್ತು. ದೀಪಗಳಿಗೆ ಗಂಟೆಗೆ ಐದು ಯೂನಿಟ್ಟಿನಂತೆ ಆರು ಗಂಟೆಗೆ ಮೂವತ್ತು ಯೂನಿಟ್ಟು ಬೇಕು. ಲೀಟರಿಗೆ ಹತ್ತು ಯೂನಿಟ್ಟೆಂದು ಪುಸ್ತಕದಲ್ಲಿ ಓದಿದ್ದೆ. ಹಾಗಾದರೆ ಮೂರು ಲೀಟರು ಸಾಕು. ಇರಲಿ ಎಂದು ನಾಲ್ಕು ತರಿಸಿದೆ. ಎಂಟೂವರೆ ಹೊಡೆಯುವ ಮೊದಲೇ ದೀಪಗಳೆಲ್ಲ ನಂದಿದುವು. "ಸ್ವಾಮಿ, ಎಣ್ಣೆ ಪೂರ್ತಿ ಮುಗೀತು" ಎಂದು ಕಾವಲಿನವನು ಬಂದು ಹೇಳಿದನು. ಹುಡುಗರು ಮೇಣದ ಬತ್ತಿಯ ಬೆಳಕಿನಲ್ಲಿ ಓದಿದರು. ಭೌತಶಾಸ್ತ್ರದ ಮೇಷ್ಟರ ಲೆಕ್ಕ ತಪ್ಪಿತೆಂದು ಅವರು ನಕ್ಕುದು ನನ್ನ ಕಿವಿಗೂ ಬಿದ್ದಿತು.

ಪುಸ್ತಕವು ಸುಳ್ಳಾಡಿರಲಿಲ್ಲ. ಸಾವಿರ ವ್ಯಾಟ್ಟಿನ ಉಪಕರಣವೊಂದು ಒಂದು ಗಂಟೆಯಲ್ಲಿ ಸೇವಿಸುವ ಶಕ್ತಿಯೇ ಒಂದು ಯೂನಿಟ್ಟು; ಅದು 36 ಲಕ್ಷ ಜೂಲುಗಳಿಗೆ ಸಮ. ಒಂದು ಲೀಟರು ಡೀಸೆಲ್ ಪೂರ್ಣವಾಗಿ ಉರಿದರೆ ಸುಮಾರು 360 ಲಕ್ಷ ಜೂಲುಗಳಷ್ಟು ಶಾಖ ಹೊರಡುತ್ತದೆ. ಭಾಗಿಸಿದರೆ ಹತ್ತು. ಆದರೆ ಈ ಹತ್ತು ಯೂನಿಟ್ಟುಗಳು ಶಾಖದವು, ದೀಪದವಲ್ಲ. ನಾನು ಮರೆತುದು ಇದನ್ನೇ.

ಇಂಗ್ಲೆಂಡಿನ ಜೇಮ್ಸ್ ಜೂಲನು 1840ರ ದಶಕದಲ್ಲಿ, ಇಳಿಯುವ ತೂಕಗಳಿಂದ ನೀರಿನೊಳಗೆ ಹುಟ್ಟುಗಳನ್ನು ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತೆಂದು ಅಳೆದನು. ಕೆಲಸವೆಲ್ಲವೂ ಶಾಖವಾಗಬಲ್ಲದು. ಹಿಂದಿರುಗುವ ದಾರಿ ಮಾತ್ರ ಅಷ್ಟು ಸುಗಮವಲ್ಲ. ಶಾಖದಿಂದ ಪಡೆಯಬಹುದಾದ ಕೆಲಸಕ್ಕೆ ಬಿಸಿತಂಪುಗಳ ಅಂತರವು ಒಂದು ಮಿತಿಯನ್ನು ಹಾಕುತ್ತದೆಂಬುದನ್ನು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿಯೇ ತೋರಿಸಿದ್ದನು. ನಮ್ಮ ಎಂಜಿನಿನಲ್ಲಿಯೂ ಶಾಖದ ಒಂದು ಪಾಲು ಹೊಗೆಯ ಕೊಳವೆಯಿಂದ ಹೊರಗೆ ಹೋಯಿತು. ಇನ್ನೊಂದು ಪಾಲನ್ನು ಎಂಜಿನನ್ನು ತಂಪುಮಾಡುವ ನೀರು ಕೊಂಡೊಯ್ದಿತು. ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗಿ ತಂತಿಗೆ ಬಂದಿತು. ಲೀಟರಿಗೆ ಮೂರು ಯೂನಿಟ್ಟಿನಂತೆ ನಾಲ್ಕು ಲೀಟರಿಗೆ ಹನ್ನೆರಡು. ಗಂಟೆಗೆ ಐದರಂತೆ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ. ಎಂಜಿನಿನ ಲೆಕ್ಕ ಸರಿಯಾಗಿಯೇ ಇತ್ತು. ದೊಡ್ಡ ಎಂಜಿನುಗಳು ನೂರಕ್ಕೆ ನಲವತ್ತಕ್ಕೂ ಮೀರಿ ಕೊಡುವುದುಂಟು. ಆದರೆ ದೊಡ್ಡ ಎಂಜಿನಿಗೆ ನಾಲ್ಕೇ ದೀಪಗಳ ಹೊರೆ ಹೊರಿಸಿದರೆ ಲೀಟರಿಗೆ ಮೂರೂ ಸಿಕ್ಕುವುದಿಲ್ಲ.

ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳುವುದೂ ಉಂಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಕಾವೇರಿಯ ನೀರಿನದು. ಅಲ್ಲಿ ಎಣ್ಣೆ ಉರಿಯಲಿಲ್ಲ. ಅಂತಹ ಮೂವತ್ತು ಯೂನಿಟ್ಟುಗಳು ಎಷ್ಟು ಎಣ್ಣೆಗೆ ಸಮ? ಶಾಖದ ಲೆಕ್ಕದಲ್ಲಿ ಮೂರು ಲೀಟರು. ಅಷ್ಟನ್ನು ನನ್ನ ಎಂಜಿನಿನಿಂದ ಪಡೆಯಬೇಕಾಗಿದ್ದರೆ ಹತ್ತು ಲೀಟರು. ಎರಡೂ ಸರಿಯೇ, ಕೇಳಿದ ಪ್ರಶ್ನೆಗಳು ಬೇರೆ. ದೇಶದೇಶಗಳ ಶಕ್ತಿಯ ಲೆಕ್ಕಗಳಲ್ಲಿ ಒಂದು ಟನ್ನು ಎಣ್ಣೆಗೆ 11,630 ಯೂನಿಟ್ಟೆಂದು ಬರೆದಿರುತ್ತಾರೆ. ಅದು ಶಾಖದ ಸಂಖ್ಯೆ. ಅದನ್ನು ಮೀಟರಿನ ಯೂನಿಟ್ಟೆಂದು ಭಾವಿಸಿದವರು ನನ್ನಂತೆಯೇ ಮೋಸಹೋಗುವರು. ಎಣ್ಣೆಯನ್ನು ತೂಕದಿಂದ ಕೊಂಡಿರೋ ಅಳತೆಯಿಂದ ಕೊಂಡಿರೋ ಎಂಬುದನ್ನೂ ನೋಡಬೇಕು. ಒಂದು ಲೀಟರು ಡೀಸೆಲ್ ಒಂದು ಕಿಲೋಗ್ರಾಂ ತೂಗುವುದಿಲ್ಲ, ಅದಕ್ಕೆ ಆರನೆಯ ಒಂದು ಪಾಲಿನಷ್ಟು ಕಡಮೆ.

ಆದುದರಿಂದ ಮನೆಗಾಗಲಿ, ಹಿಟ್ಟಿನ ಗಿರಣಿಗಾಗಲಿ, ಮದುವೆಯ ಚಪ್ಪರಕ್ಕಾಗಲಿ ಸಣ್ಣ ಎಂಜಿನು ತರುವವರು ಬೇಕಾದ ಯೂನಿಟ್ಟುಗಳನ್ನು ಹತ್ತರಿಂದಲ್ಲ, ಮೂರರಿಂದ ಭಾಗಿಸಲಿ. ಮೇಲೆ ಸ್ವಲ್ಪ ಎಣ್ಣೆಯನ್ನು ಕೈಕಾವಲಿಗೆ ಇಟ್ಟುಕೊಳ್ಳಲಿ. ಮರುವರ್ಷದ ಪರೀಕ್ಷೆಯ ಹೊತ್ತಿಗೆ ನಾನು ಹನ್ನೆರಡು ಲೀಟರು ತರಿಸಿಟ್ಟಿದ್ದೆ. ಆ ರಾತ್ರಿ ಯಾವ ಹುಡುಗನೂ ನನ್ನ ಲೆಕ್ಕದ ಮಾತೆತ್ತಲಿಲ್ಲ.