ಆಕಾಶದ ಮಾತು ಡ್ರೋನ್‌ಗೆ ಕೇಳಿಸಬೇಕಾದರೆ

(ಸಾರಕ್ಕಿಯಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಉರ್ದು, ಕನ್ನಡ ಕಲಿಸುವ ಮೇಷ್ಟರಿಗೂ ಡ್ರೋನ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಡ್ರೋನ್‌ನ ಜಿಪಿಎಸ್ ಕೆಲಸ ಮಾಡುತ್ತಿಲ್ಲ ಎಂದರೆ ಬಹಳ ಸಲ ಅದರ ಅರ್ಥ ಇಷ್ಟೇ: ಎರಡು ಯಂತ್ರಗಳ ನಡುವೆ ಮಾತುಕತೆ ನಿಂತಿದೆ. ಮಾತುಕತೆ ಭಾಷಾ ಶಿಕ್ಷಕರ ವಿಷಯವೇ ಅಲ್ಲವೇ?

ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಡ್ರೋನ್ ಕಟ್ಟುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಪರದೆಯ ಮೇಲೆ ‘ಜಿಪಿಎಸ್ ಇಲ್ಲ’ ಎಂದು ಕಂಡ ಕೂಡಲೇ ಅವರ ಬಾಯಿಂದ ಬರುವ ಮಾತು ಒಂದೇ: “ಸರ್, ಮಾಡ್ಯೂಲ್ ಹಾಳಾಗಿದೆ, ಹೊಸದು ತರಬೇಕು.” ಹೊಸದು ತರುವುದೆಂದರೆ ಮನೆಯಲ್ಲಿ ಮತ್ತೆ ಕೈಯೊಡ್ಡುವುದು. ಅದನ್ನು ಜೋಡಿಸಿದ ಮೇಲೂ ಅದೇ ತೊಂದರೆ ಕಂಡರೆ ಹುಡುಗನ ಉತ್ಸಾಹವೇ ಬತ್ತಿ ಹೋಗುತ್ತದೆ. ಆದ್ದರಿಂದ ಮಕ್ಕಳೇ, ದುಡ್ಡು ಖರ್ಚು ಮಾಡುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ. ಅದಕ್ಕೂ ಮೊದಲು ರೆಕ್ಕೆಗಳನ್ನು ಬಿಚ್ಚಿಡಿ. ತಿರುಗುವ ರೆಕ್ಕೆ ಬೆರಳನ್ನು ಬಿಡುವುದಿಲ್ಲ.

ಮೊದಲ ಪ್ರಶ್ನೆ: ವಿದ್ಯುತ್ ಬರುತ್ತಿದೆಯೇ? ಮಾಡ್ಯೂಲ್‌ಗೆ 3.3 ವೋಲ್ಟ್ ಬೇಕೋ 5 ವೋಲ್ಟ್ ಬೇಕೋ ಎಂದು ಅದರ ವಿವರಪತ್ರದಲ್ಲಿ ನೋಡಿ, ಮಲ್ಟಿಮೀಟರ್‌ನಿಂದ ಅಳೆಯಿರಿ. ಕೆಲವು ಬೋರ್ಡ್‌ಗಳಲ್ಲಿ ಯುಎಸ್‌ಬಿ ತಂತಿ ಮಾತ್ರ ಸಿಕ್ಕಿಸಿದಾಗ ಜಿಪಿಎಸ್‌ಗೆ ವಿದ್ಯುತ್ ಹೋಗುವುದಿಲ್ಲ, ಬ್ಯಾಟರಿಯನ್ನೂ ಜೋಡಿಸಬೇಕು.

ಎರಡನೆಯದು: ತಂತಿಗಳು ಸರಿಯಾದ ಜಾಗಕ್ಕೆ ಹೋಗಿವೆಯೇ? ಟಿಎಕ್ಸ್ ಎಂದರೆ ಬಾಯಿ, ಆರ್‌ಎಕ್ಸ್ ಎಂದರೆ ಕಿವಿ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಮಾತಾಡಬೇಕು. ಮಾಡ್ಯೂಲಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಮಾಡ್ಯೂಲಿನ ಆರ್‌ಎಕ್ಸ್ ಬೋರ್ಡಿನ ಟಿಎಕ್ಸ್‌ಗೆ ಸೇರಬೇಕು. ಗ್ರೌಂಡ್ ತಂತಿ ಇಬ್ಬರಿಗೂ ಒಂದೇ ಆಗಿರಬೇಕು. ದಿಕ್ಸೂಚಿಯೂ ಇರುವ ಮಾಡ್ಯೂಲಿನಲ್ಲಿ ಇನ್ನೆರಡು ತಂತಿಗಳಿರುತ್ತವೆ, ಎಸ್‌ಡಿಎ ಮತ್ತು ಎಸ್‌ಸಿಎಲ್. ಇವನ್ನು ಮಾತ್ರ ಅದಲುಬದಲು ಮಾಡಬಾರದು. ಎಸ್‌ಡಿಎ ಎಸ್‌ಡಿಎಗೆ, ಎಸ್‌ಸಿಎಲ್ ಎಸ್‌ಸಿಎಲ್‌ಗೆ. ತಂತಿಯ ಬಣ್ಣವನ್ನು ನಂಬಬೇಡಿ. ನಾವು ಉರ್ದುವನ್ನು ಬಲದಿಂದ, ಕನ್ನಡವನ್ನು ಎಡದಿಂದ ಓದುವ ಹಾಗೆ, ಕನೆಕ್ಟರ್‌ಗಳ ಕ್ರಮವೂ ಒಂದೊಂದು ತಯಾರಕರಲ್ಲಿ ಒಂದೊಂದು ರೀತಿ. ಅಚ್ಚಾದ ಅಕ್ಷರ ಓದಿಯೇ ಜೋಡಿಸಿ.

ಮೂರನೆಯದು: ಇಬ್ಬರೂ ಒಂದೇ ವೇಗದಲ್ಲಿ ಮಾತಾಡುತ್ತಿದ್ದಾರೆಯೇ? ಈ ವೇಗಕ್ಕೆ ಬಾಡ್ ರೇಟ್ ಎನ್ನುತ್ತಾರೆ. ಹಳೆಯ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ 9600. ಹೊಸದರಲ್ಲಿ ಅನೇಕವು 38400 ಅಥವಾ 115200. ಬೋರ್ಡಿನ ಯಾವ ಪೋರ್ಟಿಗೆ ತಂತಿ ಹಾಕಿದ್ದೀರೋ ಅದೇ ಪೋರ್ಟನ್ನು ಸಾಫ್ಟ್‌ವೇರಿನಲ್ಲಿಯೂ ಜಿಪಿಎಸ್‌ಗೆ ಗೊತ್ತುಮಾಡಬೇಕು. ಬೀಟಾಫ್ಲೈಟ್‌ನಲ್ಲಿ ಇದು ‘ಪೋರ್ಟ್ಸ್’ ಪುಟದಲ್ಲಿದೆ. ಆರ್ಡುಪೈಲಟ್‌ನಲ್ಲಿ ಆ ಸೀರಿಯಲ್ ಪೋರ್ಟಿನ ಪ್ರೋಟೋಕಾಲ್ ಸಂಖ್ಯೆ 5 ಆಗಿರಬೇಕು.

ನಾಲ್ಕನೆಯದು: ಆಕಾಶ ಕಾಣುತ್ತಿದೆಯೇ? ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬರುವ ಸಂಕೇತ ಬಹಳ ಕ್ಷೀಣ. ಸಾರಕ್ಕಿಯ ಇಕ್ಕಟ್ಟಾದ ಗಲ್ಲಿಯಲ್ಲಿ ಅದು ಗೋಡೆಗಳಿಗೆ ಬಡಿದು ದಾರಿತಪ್ಪಿ ಬರುತ್ತದೆ; ಕಾಂಕ್ರೀಟ್ ಛಾವಣಿಯ ಕೆಳಗೆ ಹೆಚ್ಚಾಗಿ ಬರುವುದೇ ಇಲ್ಲ. ತಾರಸಿಗೆ ಹೋಗಿ, ಆಂಟೆನಾದ ಮುಖವನ್ನು ಮೇಲಕ್ಕೆ ಮಾಡಿ ಕಾಯಿರಿ. ಪ್ರತಿ ಉಪಗ್ರಹ ತನ್ನ ಸ್ಥಾನದ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಆದ್ದರಿಂದ ಮೊದಲ ಸಲ ತಾಳ್ಮೆ ಬೇಕು. ಸ್ಥಾನ ತಿಳಿಯಲು ಕನಿಷ್ಠ 4 ಉಪಗ್ರಹಗಳು ಬೇಕು: ಉದ್ದ, ಅಗಲ, ಎತ್ತರಕ್ಕೆ ಮೂರು, ಗಡಿಯಾರದ ದೋಷ ತಿದ್ದಲು ಇನ್ನೊಂದು. ವಿಡಿಯೋ ಟ್ರಾನ್ಸ್‌ಮಿಟರ್ ಪಕ್ಕದಲ್ಲಿದ್ದರೆ ಅದರ ಗದ್ದಲದಲ್ಲಿ ಈ ಪಿಸುಮಾತು ಕೇಳಿಸದು. ಮಾಡ್ಯೂಲನ್ನು ಒಂದು ಕಡ್ಡಿಯ ಮೇಲೆ ದೂರ ಎತ್ತಿ ಕೂರಿಸಿ.

ಯಾವ ಪ್ರಶ್ನೆಯಲ್ಲಿ ದೋಷವಿದೆ ಎಂದು ಮಾಡ್ಯೂಲೇ ಹೇಳುತ್ತದೆ. ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನಿಂದ ಅದನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿ. ಡಾಲರ್ ಚಿಹ್ನೆಯಿಂದ ಶುರುವಾಗಿ, ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾಲುಗಳು ಬರುತ್ತವೆ. ಇವುಗಳ ಹೆಸರೇ ‘ವಾಕ್ಯ’! ಏನೂ ಬರದಿದ್ದರೆ ವಿದ್ಯುತ್ ಅಥವಾ ತಂತಿ ನೋಡಿ. ಅರ್ಥವಿಲ್ಲದ ಗೀಚು ಬಂದರೆ ವೇಗ ನೋಡಿ. ವಾಕ್ಯ ಬಂದು ಅಲ್ಪವಿರಾಮಗಳ ನಡುವೆ ಖಾಲಿಯಿದ್ದರೆ ಮಾಡ್ಯೂಲ್ ಜೀವಂತವಾಗಿದೆ, ಆಕಾಶ ಮಾತ್ರ ಕಾಣುತ್ತಿಲ್ಲ. ಆರ್‌ಎಂಸಿ ಎಂಬ ವಾಕ್ಯದಲ್ಲಿ ಸಮಯದ ನಂತರ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ: ‘ವಿ’ ಎಂದರೆ ಸ್ಥಾನ ಇನ್ನೂ ಸಿಕ್ಕಿಲ್ಲ, ‘ಎ’ ಎಂದರೆ ಸಿಕ್ಕಿದೆ. ಇಷ್ಟೆಲ್ಲ ನೋಡಿ, ಬೇರೆ ತಂತಿ ಹಾಕಿಯೂ ಮೌನವಾಗಿದ್ದರೆ ಮಾತ್ರ ಅಂಗಡಿಗೆ ಹೋಗಿ.

ಅಂಗಡಿಯಲ್ಲಿ ನಮ್ಮ ದೇಶದ ನಾವಿಕ್ ಹೆಸರನ್ನೂ ಕೇಳುವಿರಿ. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ಇಸ್ರೋ ಕೇಂದ್ರ ನಮ್ಮ ಬೆಂಗಳೂರಿಗೆ ಹತ್ತಿರದ ಬ್ಯಾಲಾಳುವಿನಲ್ಲಿದೆ. ಮೊದಲ ಸರಣಿಯ ಉಪಗ್ರಹಗಳು ಎಲ್5 ಮತ್ತು ಎಸ್ ತರಂಗಗಳಲ್ಲಿ ಮಾತಾಡುತ್ತವೆ. ಅಗ್ಗದ ಮಾಡ್ಯೂಲ್‌ಗಳು ಕೇಳುವ ಎಲ್1 ತರಂಗ ನಾವಿಕ್‌ಗೆ ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ. ಆದ್ದರಿಂದ ಹೆಸರು ನೋಡಿ ಕೊಳ್ಳಬೇಡಿ, ವಿವರಪತ್ರ ಓದಿ ಕೊಳ್ಳಿ.

ಕೊನೆಯದಾಗಿ ಒಂದು ಎಚ್ಚರಿಕೆ. ಸ್ಥಾನ ಸಿಗುವ ಮೊದಲೇ ಡ್ರೋನ್ ಏರಿಸಿದರೆ, ಮರಳಿ ಬರಬೇಕಾದ ಜಾಗ ಅದಕ್ಕೆ ಗೊತ್ತಿರುವುದಿಲ್ಲ. ಸಾರಕ್ಕಿಯಂಥ ಜನನಿಬಿಡ ಜಾಗದಲ್ಲಿ ಅದು ಯಾರ ತಲೆಯ ಮೇಲಾದರೂ ಬೀಳಬಹುದು. 2021ರ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಾರಿಸುವ ಮುನ್ನ ನಕ್ಷೆ ನೋಡಿ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ತೆರೆದ ಮೈದಾನಕ್ಕೆ ಹೋಗಿ.

ಪೋಷಕರಲ್ಲಿ ಒಂದು ಮನವಿ. ಮಗ ಅಥವಾ ಮಗಳು ಮೇಜಿನ ಮೇಲೆ ತಂತಿಗಳನ್ನು ಹರಡಿಕೊಂಡು ಕೂತಿದ್ದರೆ ‘ಓದು ಬಿಟ್ಟು ಆಟ’ ಎಂದು ಗದರಬೇಡಿ. ಕಾರಣವನ್ನು ಒಂದೊಂದಾಗಿ ಪರೀಕ್ಷಿಸಿ ನೋಡುವುದೂ ಓದೇ. ಪರೀಕ್ಷಿಸದೆ ಯಾವುದನ್ನೂ, ಯಾರನ್ನೂ ‘ಹಾಳಾಗಿದೆ’ ಎನ್ನದಿರುವ ಅಭ್ಯಾಸ ಅವರಿಗೆ ಬಂದರೆ ಅಷ್ಟೇ ಸಾಕು.