ಎರಡು ವಾದ್ಯ, ಒಂದು ಹೊಟ್ಟೆ: ವಡಪಳನಿಯಲ್ಲಿ ಸ್ಟೀಲ್ ಗಿಟಾರ್ ಮತ್ತು ಕೀಬೋರ್ಡ್

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇವೆ. ನುಡಿಸಿ ತೋರಿಸಿದ ಕಡೆ ಆವರಣದಲ್ಲಿ ಸೂಚಿಸಿದ್ದೇವೆ.)



ನನ್ನ ಎಡಗಡೆ ಇರೋದು ಕೀಬೋರ್ಡ್, ಅದು ಎಲ್ಲರಿಗೂ ಗೊತ್ತು. ಬಲಗಡೆ ಸ್ಟ್ಯಾಂಡ್ ಮೇಲೆ ಮಲಗಿಸಿರೋದು ಸ್ಟೀಲ್ ಗಿಟಾರ್. ನಮ್ಮ ಕಡೆ ಇದನ್ನ ಹವಾಯನ್ ಗಿಟಾರ್ ಅಂತಾರೆ. ಈಗ ಒಳಗೆ ಬರುವಾಗ ಒಬ್ಬ ಹುಡುಗ ಕೇಳಿದ, "ಅಂಕಲ್, ಇದು ಇಸ್ತ್ರಿ ಮೇಜಾ?" ಅಂತ. (ನಗು) ಅವನ ತಪ್ಪಲ್ಲ. ಅವನು ಹುಟ್ಟೋ ಹೊತ್ತಿಗೆ ಈ ವಾದ್ಯ ಮೇಜಿನ ಕೆಳಗೆ ಸೇರಿತ್ತು.

ನಾನು ದಾವಣಗೆರೆಯವನು. ವಡಪಳನಿಯಲ್ಲಿ ಇದ್ದು ಮೂವತ್ತೈದು ವರ್ಷದ ಮೇಲಾಯ್ತು. ಸ್ಟುಡಿಯೋದಲ್ಲಿ ಎರಡು ವಾದ್ಯ ನುಡಿಸಿ ಬದುಕಿದೆ. ಎರಡು ವಾದ್ಯ ನುಡಿಸೋನ ಬಗ್ಗೆ ಜನ "ಭೇಷ್, ಡಬಲ್ ಪ್ರತಿಭೆ" ಅಂತಾರೆ. ಅದು ಹೇಗೆ ಬರುತ್ತೆ, ಅದರಿಂದ ಲಾಭ ಏನು, ಅದರಿಂದ ಯಾರಿಗೆ ನಷ್ಟ ಆಗುತ್ತೆ, ಈ ಮೂರನ್ನೂ ಇವತ್ತು ಹೇಳ್ತೀನಿ. ಮೂರನೇದನ್ನ ಹೇಳೋಕೆ ನನಗೆ ಸ್ವಲ್ಪ ಕಷ್ಟ ಇದೆ. ಆದರೂ ಹೇಳ್ತೀನಿ.

ಮೊದಲು ಊರಿನ ವಿಷಯ. ಈಗ ನೀವು ವಡಪಳನಿ ಮೆಟ್ರೊ ಇಳಿದು ಆರ್ಕಾಟ್ ರಸ್ತೆಗೆ ಬಂದರೆ ದೊಡ್ಡ ಮಾಲ್ ಕಾಣುತ್ತೆ, ಪಕ್ಕದಲ್ಲಿ ಆಸ್ಪತ್ರೆ. ಅದೆಲ್ಲ ವಿಜಯಾ-ವಾಹಿನಿ ಸ್ಟುಡಿಯೋ ಇದ್ದ ಜಾಗ. ಇನ್ನೊಂದು ಕಡೆ ಎವಿಎಂ. ಮೆಯ್ಯಪ್ಪ ಚೆಟ್ಟಿಯಾರ್ ಅವರು 1948ರಲ್ಲಿ ಕಾರೈಕುಡಿಯಿಂದ ಸ್ಟುಡಿಯೋನ ಇಲ್ಲಿಗೆ ತಂದರು. ರಾಜ್‌ಕುಮಾರ್ ಅವರ 'ಬೇಡರ ಕಣ್ಣಪ್ಪ', 1954ರದ್ದು, ಅದರ ನಿರ್ಮಾಣದಲ್ಲಿ ಎವಿಎಂ ಪಾಲಿತ್ತು. ಆಮೇಲೆ ಎಷ್ಟೋ ವರ್ಷ ಕನ್ನಡದ ಹಾಡು ಅಂದರೆ ಮದ್ರಾಸಿನಲ್ಲೇ ಧ್ವನಿಮುದ್ರಣ. ಹಾಡು ಕನ್ನಡ, ವಯಲಿನ್ ತಮಿಳು, ತಬಲಾ ತೆಲುಗು, ಗಿಟಾರ್ ಆಂಗ್ಲೋ-ಇಂಡಿಯನ್, ಟೀ ಮಲಯಾಳಿ. (ನಗು) ವಾದ್ಯಗಾರರ ಸಂಘದ ಕಟ್ಟಡ ಕೂಡ ವಡಪಳನಿಯಲ್ಲೇ. ಎಂ.ಬಿ. ಶ್ರೀನಿವಾಸನ್ ಅವರು ಮುಂದೆ ನಿಂತು ಕಟ್ಟಿದ ಸಂಘ. ಅದಕ್ಕೆ ಮುಂಚೆ ವಾದ್ಯಗಾರನಿಗೆ ದುಡ್ಡು ಯಾವಾಗ ಬರುತ್ತೆ ಅನ್ನೋದು ಮುರುಗನಿಗೇ ಗೊತ್ತು ಅನ್ನೋ ಸ್ಥಿತಿ ಇತ್ತಂತೆ.

ಈ ಊರಲ್ಲಿ ಎರಡು ವಾದ್ಯ ನುಡಿಸೋದು ಹೊಸದಲ್ಲ. ಇಳಯರಾಜ ಅವರನ್ನೇ ತಗೊಳ್ಳಿ. ಸಂಗೀತ ನಿರ್ದೇಶಕರಾಗೋಕೆ ಮುಂಚೆ ಅವರು ಗಿಟಾರ್ ವಾದಕರು, ಆರ್ಗನ್ ವಾದಕರು. 1970ರ ದಶಕದಲ್ಲಿ ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಕೆಲಸ ಮಾಡಿದ ಚಿತ್ರಗಳಲ್ಲಿ ಬಹುಪಾಲು ಕನ್ನಡದವು. 1976ರಲ್ಲಿ 'ಅನ್ನಕಿಳಿ' ಬಂತು, ಮುಂದಿನದು ನಿಮಗೆ ಗೊತ್ತು. ಬೊಂಬಾಯಿಯಲ್ಲಿ ಚರಣ್‌ಜಿತ್ ಸಿಂಗ್ ಅಂತ ಇದ್ದರು. ಹಿಂದಿ ಚಿತ್ರಗಳಿಗೆ ಗಿಟಾರೂ ನುಡಿಸಿದರು, ಸಿಂಥಸೈಜರೂ ನುಡಿಸಿದರು. 1982ರಲ್ಲಿ ಹತ್ತು ರಾಗಗಳನ್ನ ಡಿಸ್ಕೋ ತಾಳಕ್ಕೆ ಕೂಡಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆ ಆದಾಗ ಯೂರೋಪಿನವರು ಬೆಚ್ಚಿಬಿದ್ದರು. ವ್ಯಾನ್ ಶಿಪ್ಲಿ ವಯಲಿನ್ ಮತ್ತು ಹವಾಯನ್ ಗಿಟಾರ್ ಎರಡನ್ನೂ ನುಡಿಸ್ತಿದ್ದರು. ಅವರ ಜೊತೆಗಾರ ಈನಾಕ್ ಡೇನಿಯಲ್ಸ್ ಅಕಾರ್ಡಿಯನ್. ನೋಡಿ, ಸ್ಟೀಲ್ ಗಿಟಾರ್ ಪಕ್ಕದಲ್ಲಿ ಮನೆಗಳಿರೋ ವಾದ್ಯ ಅವತ್ತೂ ಇತ್ತು.

ಇನ್ನು ವಾದ್ಯದ ವಿಷಯ. ಸ್ಟೀಲ್ ಗಿಟಾರ್ ಅಂದರೆ ಸ್ಟೀಲಿನಿಂದ ಮಾಡಿದ್ದಲ್ಲ. ಎಡಗೈಲಿ ಹಿಡಿಯೋ ಈ ಕಬ್ಬಿಣದ ತುಂಡು ಇದೆಯಲ್ಲ, ಇದರಿಂದ ಆ ಹೆಸರು. ಹವಾಯಿಯ ಜೋಸೆಫ್ ಕೆಕುಕು 19ನೇ ಶತಮಾನದ ಕೊನೇಲಿ ಈ ಕ್ರಮ ಬೆಳೆಸಿದ ಅಂತಾರೆ. ಟೌ ಮೋ ಅನ್ನೋ ಹವಾಯನ್ ಕಲಾವಿದರ ಕುಟುಂಬ 1940ರ ದಶಕದಲ್ಲಿ ಕಲ್ಕತ್ತಾದಲ್ಲೇ ನೆಲೆಸಿತ್ತು. ಅಲ್ಲಿಂದ ನಮ್ಮ ದೇಶಕ್ಕೆ ಹುಚ್ಚು ಹತ್ತಿತು. ನಮಗೆ ಇದು ಹೊಸದೇನೂ ಅಲ್ಲ ಬಿಡಿ, ಗೋಟುವಾದ್ಯ ಮೊದಲಿಂದ ಇತ್ತು, ತಂತಿ ಮೇಲೆ ಮರದ ತುಂಡು ಜಾರಿಸಿ ನುಡಿಸೋದು. ಇನ್ನೊಂದು ಮಾತು ಹೇಳಿದರೆ ನಿಮಗೆ ಆಶ್ಚರ್ಯ ಆಗಬಹುದು: 1932ರಲ್ಲಿ ಅಂಗಡಿಗೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರ್, ಬಾಣಲೆ ಆಕಾರದ್ದು, ಅದು ತೊಡೆ ಮೇಲೆ ಇಟ್ಟು ನುಡಿಸೋ ಸ್ಟೀಲ್ ಗಿಟಾರೇ. ರಾಕ್ ಗಿಟಾರಿಗೆ ಇದು ಅಜ್ಜ.

ಈಗ ಕೇಳಿ. (ಕೀಬೋರ್ಡ್ ಮೇಲೆ ಎರಡು ಸ್ವರ, ಆಮೇಲೆ ಸ್ಟೀಲ್ ಗಿಟಾರ್ ಮೇಲೆ ಅದೇ ಎರಡು ಸ್ವರ.)

ಕೀಬೋರ್ಡಿನಲ್ಲಿ ಸ್ವರ ಕೊಟ್ಟಿರ್ತಾರೆ. ಮನೆ ಒತ್ತಿದರೆ ಸಾಕು, ಶ್ರುತಿ ಸರಿಯಾಗೇ ಬರುತ್ತೆ. ಇದರಲ್ಲಿ ಸ್ವರ ಹುಡುಕಬೇಕು. ಮಾಮೂಲಿ ಗಿಟಾರಿನಲ್ಲಿ ಬೆರಳು ಫ್ರೆಟ್ಟಿನ ಹಿಂದೆ ಎಲ್ಲಿ ಒತ್ತಿದರೂ ನಡೆಯುತ್ತೆ. ಇಲ್ಲಿ ಕಬ್ಬಿಣ ಗೆರೆಯ ನೇರ ಮೇಲೆಯೇ ನಿಲ್ಲಬೇಕು. ಒಂದು ಕೂದಲೆಳೆ ಹಿಂದೆ ಮುಂದೆ ಆದರೂ ಅಪಶ್ರುತಿ. ಬಗ್ಗಿ ಓರೆಯಾಗಿ ನೋಡಿದರೆ ಗೆರೆ ಬೇರೆ ಕಡೆ ಕಾಣುತ್ತೆ, ಕೈ ಅಲ್ಲಿಗೇ ಹೋಗುತ್ತೆ. ಅದಕ್ಕೇ ಹಳಬರು ಕಣ್ಣು ಮುಚ್ಚಿ ಕಿವಿಯಿಂದ ನುಡಿಸು ಅಂತಿದ್ದರು.

ಹಾಗಾದರೆ ಎರಡನ್ನೂ ಕಲಿತರೆ ಲಾಭ ಏನು? ಎರಡು ಉದಾಹರಣೆ ಕೊಡ್ತೀನಿ.

ಸ್ಟೀಲ್ ಗಿಟಾರಿನ ಒಂದು ಮುಖ್ಯ ಟ್ಯೂನಿಂಗ್ ಸಿ-ಸಿಕ್ಸ್. ತಂತಿಗಳು ಸಿ, ಇ, ಜಿ, ಎ. ಗಿಟಾರ್ ಮಾತ್ರ ಗೊತ್ತಿರೋನಿಗೆ ಅದು ಒಂದೇ ಮೇಜರ್ ಕಾರ್ಡ್, ಮೈನರ್ ಎಲ್ಲಿ ಅಂತ ತಡಕಾಡ್ತಾನೆ. ಕೀಬೋರ್ಡ್ ಗೊತ್ತಿರೋನು ನೋಡಿದ ತಕ್ಷಣ ಹೇಳ್ತಾನೆ, ಅದೇ ನಾಲ್ಕು ಸ್ವರ ಎ ಮೈನರ್ ಸೆವೆನ್ ಕೂಡ ಅಲ್ವಾ? ಯಾವ ತಂತಿ ಮೀಟಬೇಕು, ಯಾವುದನ್ನ ಬಿಡಬೇಕು ಅಷ್ಟೇ. ಕಬ್ಬಿಣ ಅಲ್ಲಾಡಿಸೋದೇ ಬೇಡ. (ನುಡಿಸಿ ತೋರಿಸುತ್ತಾರೆ.) ನನಗೆ ಇದು ಹೊಳೆದದ್ದು ಕೀಬೋರ್ಡ್ ಮುಂದೆ ಕೂತಾಗ, ಗಿಟಾರ್ ಕಲಿತು ಎಂಟು ವರ್ಷ ಆದ ಮೇಲೆ.

ಇನ್ನೊಂದು ಉಲ್ಟಾ. ಕೀಬೋರ್ಡಿನ ಎಡಗಡೆ ಈ ಚಕ್ರ ಇದೆಯಲ್ಲ, ಪಿಚ್ ಬೆಂಡ್. ಸ್ವರವನ್ನ ಮೇಲೆ ಕೆಳಗೆ ಜಾರಿಸೋಕೆ. ಸಾಮಾನ್ಯವಾಗಿ ಮೇಲಕ್ಕೆ ಎರಡು ಅರೆಸ್ವರ, ಕೆಳಕ್ಕೆ ಎರಡು ಅರೆಸ್ವರ. ಮಿಡಿ ಲೆಕ್ಕದಲ್ಲಿ ಅಷ್ಟರೊಳಗೆ 16,384 ಹೆಜ್ಜೆ ಇವೆ. ಅಂದರೆ ಸೂಕ್ಷ್ಮ ಯಂತ್ರದಲ್ಲಿ ಇದೆ, ಕೈಲಿ ಇರಬೇಕು ಅಷ್ಟೇ. ಬರೀ ಕೀಬೋರ್ಡ್ ಕಲಿತ ಹುಡುಗರು ಚಕ್ರವನ್ನ ಸ್ಕೂಟರ್ ಆಕ್ಸಿಲರೇಟರ್ ಥರ ತಿರುಗಿಸ್ತಾರೆ. ಸ್ಟೀಲ್ ಹಿಡಿದ ಕೈಗೆ ಗೊತ್ತು, ಜಾರು ಶುರುವಿನಲ್ಲಿ ನಿಧಾನ, ನಡುವೆ ವೇಗ, ಸ್ವರದ ಹತ್ತಿರ ಮತ್ತೆ ನಿಧಾನ. ನಮ್ಮ ಸಂಗೀತಕ್ಕೆ ಇದು ಬೇಕೇ ಬೇಕು. ತೋಡಿಯ ಗಾಂಧಾರ ಯಾವ ಕಪ್ಪು ಮನೆಯಲ್ಲೂ ಇಲ್ಲ. ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ಹೊರಗೆ ಹಾಕಿದ್ದಕ್ಕೆ ಒಂದು ಕಾರಣ ಇದೇ ಅಲ್ವೇ? ಇವತ್ತು ಚೆನ್ನೈಯಲ್ಲಿ ಕೀಬೋರ್ಡ್ ಮೇಲೆ ಪೂರ್ತಿ ಕರ್ನಾಟಕ ಸಂಗೀತ ಕಛೇರಿ ಮಾಡೋರಿದ್ದಾರೆ. ಅವರ ಎಡಗೈ ಗಮನಿಸಿ, ಇಡೀ ಸಂಗೀತ ಆ ಚಕ್ರದಲ್ಲಿದೆ.

ಸರಿ, ಈಗ ನನ್ನ ಕಥೆ.

ನಮ್ಮ ಸೋದರಮಾವ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಅವರ ಹತ್ತಿರ ಒಂದು ಹವಾಯನ್ ಗಿಟಾರ್. ಬೇಸಿಗೆ ರಜೆಗೆ ಹೋದಾಗ ಅವರೇ ಕಲಿಸಿದರು. ಆಮೇಲೆ ದಾವಣಗೆರೆಯಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾ. ಕೀಬೋರ್ಡಿನವನು ಒಂದು ಸಲ ಕೈಕೊಟ್ಟ, ನನ್ನನ್ನ ಕೂರಿಸಿದರು. ಹಾಗೆ ಎರಡನೇ ವಾದ್ಯ ಬಂತು. ಪ್ರತಿಭೆ ಗಿತಿಭೆ ಏನಿಲ್ಲ, ಆ ರಾತ್ರಿ ಆಳು ಇರಲಿಲ್ಲ ಅಷ್ಟೇ.

1985ರಲ್ಲಿ ಮದ್ರಾಸಿಗೆ ಬಂದೆ. ಮುರುಗನ ದೇವಸ್ಥಾನದ ಹಿಂದಿನ ಓಣಿಯಲ್ಲಿ ರೂಮು, ನಾಲ್ಕು ಜನ. ಸ್ಟೀಲ್ ಗಿಟಾರ್ ಅಂದರೆ ಯಾರೂ ಕರೆಯಲಿಲ್ಲ, ಯಾಕಂದರೆ ಆ ಕೆಲಸಕ್ಕೆ ಒಬ್ಬ ಹಿರಿಯರು ಇದ್ದರು. ಅವರ ಹೆಸರು ಹೇಳಲ್ಲ, ಮೇಷ್ಟ್ರು ಅಂತೀನಿ. ನಾನು ಹೊಟ್ಟೆಪಾಡಿಗೆ ಕೀಬೋರ್ಡ್ ಹಿಡಿದೆ. ಆದರೆ ಭಾನುವಾರ ಭಾನುವಾರ ಅವರ ಮನೆಗೆ ಹೋಗ್ತಿದ್ದೆ. ದುಡ್ಡು ತಗೊಳ್ಳಲಿಲ್ಲ ಅವರು. ವಾಲ್ಯೂಮ್ ಪೆಡಲ್ ಮೇಲೆ ಕಾಲು ಹೇಗಿಡಬೇಕು, ಹಿಂದಿನ ಬೆರಳಿಂದ ತಂತಿ ಹೇಗೆ ಮುಚ್ಚಬೇಕು, ಎಲ್ಲ ಕೊಟ್ಟರು.

ಇದು 1990ರ ದಶಕದ ಶುರು. ಸೌಂಡ್ ಮಾಡ್ಯೂಲ್‌ಗಳು ಬಂದಿದ್ದವು. ಜನರಲ್ ಮಿಡಿ ಪಟ್ಟಿಯಲ್ಲಿ 26ನೇ ನಂಬರಿಗೆ 'ಸ್ಟೀಲ್' ಅಂತ ಇರುತ್ತೆ, ಅದು ಸ್ಟೀಲ್ ತಂತಿಯ ಮಾಮೂಲಿ ಗಿಟಾರ್. ಎಷ್ಟು ಜನ ಅದನ್ನ ಒತ್ತಿ ಮೋಸ ಹೋದರೋ! (ನಗು) ನಿಜವಾದದ್ದು ರೋಲ್ಯಾಂಡ್ ಸೌಂಡ್ ಕ್ಯಾನ್ವಾಸ್‌ನಲ್ಲಿ 27ನೇದರ ಕೆಳಗೆ, ಜಾಝ್ ಗಿಟಾರಿನ ಹಿಂದೆ, ಹವಾಯನ್ ಗಿಟಾರ್ ಅಂತ ಬಚ್ಚಿಟ್ಟುಕೊಂಡಿತ್ತು. ನನಗೆ ಅದು ಗೊತ್ತಿತ್ತು.

ಒಂದು ದಿನ ರೆಕಾರ್ಡಿಂಗ್. ನಾನು ಕೀಬೋರ್ಡ್. ಬೆಳಗ್ಗೆಯ ಕೆಲಸ ಬೇಗ ಮುಗೀತು. ಸಂಗೀತ ನಿರ್ದೇಶಕರು ಕೇಳಿದರು, "ಒಂದು ಹವಾಯನ್ ಬಿಟ್ ಇದೆ, ನಿನ್ನ ಪೆಟ್ಟಿಗೇಲಿ ಆ ಸೌಂಡ್ ಇದೆಯಾ?" ಇದೆ ಸಾರ್ ಅಂದೆ. ನುಡಿಸಿದೆ. ಎಡಗೈ ಚಕ್ರದ ಮೇಲೆ, ಕಾಲು ಪೆಡಲ್ ಮೇಲೆ, ಮೇಷ್ಟ್ರು ಕಲಿಸಿದ ಹಾಗೆ. ಎರಡನೇ ಟೇಕ್ ಓಕೆ. ಎಲ್ಲರೂ ಚಪ್ಪಾಳೆ.

ಹೊರಗೆ ಬಂದೆ. ಬೆಂಚಿನ ಮೇಲೆ ಮೇಷ್ಟ್ರು ಕೂತಿದ್ದಾರೆ, ತೊಡೆ ಮೇಲೆ ಗಿಟಾರ್ ಪೆಟ್ಟಿಗೆ. ಆ ಬಿಟ್‌ಗೆ ಅಂತ ಮಧ್ಯಾಹ್ನಕ್ಕೆ ಅವರನ್ನ ಕರೆಸಿದ್ದರು. ಏಜೆಂಟ್ ಬಂದು ಆಟೋ ಚಾರ್ಜ್ ಕೊಟ್ಟು, ಇವತ್ತು ಬೇಡ ಸಾರ್, ಮುಗೀತು ಅಂದ. ಬಾಗಿಲು ಅರ್ಧ ತೆಗೆದಿತ್ತು, ಅವರು ಎಲ್ಲ ಕೇಳಿಸಿಕೊಂಡಿದ್ದರು.

ನಾನು ಏನು ಮಾತಾಡಬೇಕೋ ಗೊತ್ತಾಗದೆ ನಿಂತೆ. ಅವರು ತಮಿಳಲ್ಲಿ ಅಂದರು, "ತಂಬಿ, ಸೌಂಡ್ ಚೆನ್ನಾಗಿತ್ತು. ಎರಡನೇ ಸಾಲಿನ ಕೊನೇಲಿ ಎರಡು ಸ್ವರ ಒಟ್ಟಿಗೆ ಜಾರಿದವು. ಅಲ್ಲಿ ಒಂದೇ ಜಾರಬೇಕು, ಇನ್ನೊಂದು ನಿಲ್ಲಬೇಕು."

ಅಷ್ಟೇ. ಎದ್ದು ಹೋದರು.

ಅವರು ಹೇಳಿದ್ದು ನಿಜ. ಆ ಚಕ್ರ ತಿರುಗಿಸಿದರೆ ಒತ್ತಿದ ಎಲ್ಲ ಮನೆಗಳೂ ಒಟ್ಟಿಗೆ ಜಾರ್ತವೆ. ಸ್ಟೀಲಿನಲ್ಲಿ ಕಬ್ಬಿಣ ಓರೆ ಮಾಡಿ ಒಂದು ತಂತಿ ನಿಲ್ಲಿಸಿ ಇನ್ನೊಂದನ್ನ ಜಾರಿಸಬಹುದು. (ಎರಡನ್ನೂ ನುಡಿಸಿ ತೋರಿಸುತ್ತಾರೆ.) ಕೇಳಿಸ್ತಾ ವ್ಯತ್ಯಾಸ?

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲರೂ ಹೇಳ್ತಾರೆ, ಯಂತ್ರ ಬಂತು, ವಾದ್ಯಗಾರರ ಅನ್ನ ಹೋಯ್ತು ಅಂತ. ಪೂರ್ತಿ ನಿಜ ಅಲ್ಲ ಅದು. ಆ ಪೆಟ್ಟಿಗೆ ಒಂದು ವರ್ಷದಿಂದ ಸ್ಟುಡಿಯೋದಲ್ಲಿತ್ತು, ಅದರಿಂದ ಮೇಷ್ಟ್ರ ಒಂದು ಕಾಲ್‌ಶೀಟೂ ಹೋಗಿರಲಿಲ್ಲ. ಬೇರೆ ಯಾರು ನುಡಿಸಿದರೂ ಅದು ಆಟಿಕೆ ಥರ ಕೇಳ್ತಿತ್ತು. ಅವರ ಕೆಲಸ ಹೋದದ್ದು ನಾನು ನುಡಿಸಿದಾಗ, ಅವರೇ ಕಲಿಸಿದ ವಿದ್ಯೆಯಿಂದ. ಎರಡೂ ಗೊತ್ತಿರೋನೇ ಸೇತುವೆ ಹಾಕೋದು. ಆ ಸೇತುವೆ ಮೇಲೆ ಯಾರು ನಡೀತಾರೆ, ಯಾರು ಬೀಳ್ತಾರೆ ಅನ್ನೋದು ಅವನ ಕೈಲಿ ಇರಲ್ಲ.

ಆಮೇಲೆ ನಾನು ಒಂದು ನಿಯಮ ಮಾಡಿಕೊಂಡೆ. ಬರೀ ಹಿನ್ನೆಲೆಗೆ ಒಂದು ಬಣ್ಣ ಬೇಕಾದರೆ ಕೀಬೋರ್ಡ್. ಸ್ಟೀಲ್ ಗಿಟಾರೇ ಹಾಡಬೇಕಾದರೆ "ಸಾರ್, ಮೇಷ್ಟ್ರನ್ನ ಕರೆಸಿ" ಅನ್ನೋದು. ಯಾವಾಗಲೂ ಪಾಲಿಸಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಬಾಡಿಗೆ ಕಟ್ಟಬೇಕಿದ್ದ ತಿಂಗಳು ಸುಮ್ಮನೆ ನುಡಿಸಿದ್ದೂ ಇದೆ. ಭಾನುವಾರದ ಪಾಠ ಮಾತ್ರ ಅವರು ನಿಲ್ಲಿಸಲಿಲ್ಲ. ಓರೆ ಕಬ್ಬಿಣದ ಪಾಠ ಶುರುವಾದದ್ದೇ ಆ ಮುಂದಿನ ಭಾನುವಾರ.

ಅಮೆರಿಕದ ಸಂಗೀತಗಾರರ ಒಪ್ಪಂದಗಳಲ್ಲಿ 'ಡಬ್ಲಿಂಗ್' ಅಂತಾನೇ ಒಂದು ಕಲಮು ಇದೆ. ಒಬ್ಬನೇ ಎರಡನೇ ವಾದ್ಯ ನುಡಿಸಿದರೆ ಅವನಿಗೆ ಹೆಚ್ಚುವರಿ ದುಡ್ಡು ಕೊಡಬೇಕು. ಅದು ಅವನ ಪ್ರತಿಭೆಗೆ ಬಹುಮಾನ ಅಂತ ಮೊದಲು ಅಂದುಕೊಂಡಿದ್ದೆ. ಈಗ ಅನ್ಸುತ್ತೆ, ಇನ್ನೊಬ್ಬನನ್ನ ಕರೆಯದೆ ಉಳಿಸೋದು ಪುಕ್ಕಟೆ ಆಗಬಾರದು ಅನ್ನೋದೂ ಅದರಲ್ಲಿ ಇರಬೇಕು.

ಈಗ ನಮ್ಮ ಕೆಲಸ ಪೂರ್ತಿ ಲ್ಯಾಪ್‌ಟಾಪಿಗೆ ಬಂದಿದೆ. ನನ್ನ ಹತ್ರ ಇಬ್ಬರು ಕಲೀತಿದ್ದಾರೆ, ಇಬ್ಬರೂ ಕೀಬೋರ್ಡ್ ಹುಡುಗರೇ. ಅವರಿಗೆ ಮೊದಲ ಮೂರು ತಿಂಗಳು ಸ್ಟೀಲ್ ಗಿಟಾರ್ ಮಾತ್ರ ಕೊಡ್ತೀನಿ. ಗೊಣಗ್ತಾರೆ. ಸ್ವರ ಹುಡುಕೋ ಕಷ್ಟ ಒಂದು ಸಲ ಕಿವಿಗೆ ಬಿದ್ದರೆ, ಆಮೇಲೆ ಕೊಟ್ಟ ಸ್ವರವನ್ನೂ ಅವರು ಕೇಳಿ ನುಡಿಸ್ತಾರೆ. ನಿಮ್ಮ ಮನೇಲಿ ಅಥವಾ ಮಾವನ ಮನೇಲಿ ಅಟ್ಟದ ಮೇಲೆ ಇಂಥ ಒಂದು ಗಿಟಾರ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತಂತಿ ಬದಲಾಯಿಸಿ, ಕಬ್ಬಿಣ ಇಲ್ಲದಿದ್ದರೆ ದಪ್ಪ ಗಾಜಿನ ಸೀಸೆ ಸಾಕು, ಶುರು ಮಾಡಿ.

ಕೊನೆಗೆ ಆ ಬಿಟ್ ನುಡಿಸ್ತೀನಿ. ಮೊದಲು ಅವತ್ತು ರೆಕಾರ್ಡ್ ಆದ ಹಾಗೆ, ಕೀಬೋರ್ಡಿನಲ್ಲಿ. ಆಮೇಲೆ ಮೇಷ್ಟ್ರು ಹೇಳಿದ ಹಾಗೆ. ಎರಡನೇ ಸಾಲಿನ ಕೊನೆ ಗಮನಿಸಿ.

(ಎರಡೂ ನುಡಿಸುತ್ತಾರೆ. ಚಪ್ಪಾಳೆ.)

ಈ ಚಪ್ಪಾಳೆಯಲ್ಲಿ ಎರಡನೇದರದ್ದು ಮೇಷ್ಟ್ರಿಗೆ ಸೇರಬೇಕಾದ್ದು.